ಮೂರು ಪಾಲು, ಹದಿನಾರು ಆಣೆ

ಇಟಗಿಯ ಸೀಮೆಯಲ್ಲಿ ಒಂದು ಹೊಲ ಇದೆ ಅಂತಿಟ್ಕೊಳ್ಳೋಣ. ಪಹಣಿಯಲ್ಲಿ (ನಮ್ಮ ಕಡೆ ಉತಾರ ಅಂತಾರೆ) 3 ಎಕರೆ 20 ಗುಂಟೆ. ತಂದೆ ತಾಯಿ ಇಬ್ಬರೂ ಇಲ್ಲ. ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಮೂರು ಸಮಪಾಲು ಮಾಡ್ಬೇಕು.

ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಟ್ಟು 140 ಗುಂಟೆ. ಮೂರರಿಂದ ಭಾಗಿಸಿದರೆ 46 ಗುಂಟೆ, ಉಳಿದದ್ದು 2 ಗುಂಟೆ. ಆ ಎರಡು ಗುಂಟೆ ಅಂದ್ರೆ 32 ಆಣೆ. ಅದನ್ನೂ ಮೂರರಿಂದ ಭಾಗಿಸಿದರೆ 10 ಆಣೆ, ಮತ್ತೆ ಉಳಿದದ್ದು 2 ಆಣೆ. ಅಲ್ಲಿಗೆ ಲೆಕ್ಕ ನಿಂತುಬಿಡುತ್ತೆ, ಯಾಕಂದ್ರೆ ಆಣೆಗಿಂತ ಕೆಳಗೆ ಯಾರೂ ಇಳಿಯೋದಿಲ್ಲ. ಒಂದು ಆಣೆ ಅಂದ್ರೆ 68 ಚದರ ಅಡಿ ಚಿಲ್ಲರೆ. ಎರಡು ಆಣೆ ಅಂದ್ರೆ 136 ಚದರ ಅಡಿ, ನಮ್ಮ ಹಾಸ್ಟೆಲ್ ರೂಮಿನಷ್ಟು ಜಾಗ. ಅದು ಯಾರಿಗೆ?

ಇಂಥ ಕಡೆ ಕಟ್ಟೆ ಮೇಲೆ ಕೂತ ಹಿರಿಯರು ಒಂದು ಮಾತು ಆಡ್ತಾರೆ, ನೀವೂ ಕೇಳಿರ್ತೀರಿ: "ಮೂರಕ್ಕ ಲೆಕ್ಕ ಸರಿ ಹೋಗಂಗಿಲ್ಲ ಬಿಡ್ರಿ." ಆ ಮಾತನ್ನ ಸ್ವಲ್ಪ ಪರೀಕ್ಷೆ ಮಾಡೋಣ ಅಂತಲೇ ಈ ಸಲದ ಗಣಿತ ಪಾಠ. ಬೇಕಾಗಿರೋದು ಆರನೇ ಕ್ಲಾಸಿನ ಅಪವರ್ತನ, ಅಪವರ್ತ್ಯ, ಅಷ್ಟೇ. ಎಂ-3 ಪಾಸಾಗಿರಬೇಕು ಅಂತೇನಿಲ್ಲ.

ಮೊದಲು 140ನ್ನು ಒಡೆದು ನೋಡಿ: 2 × 2 × 5 × 7. ಈ ಹೊಲ ಇಬ್ಬರಿಗಾದ್ರೆ 70 ಗುಂಟೆ, ನಾಲ್ವರಿಗಾದ್ರೆ 35, ಐವರಿಗಾದ್ರೆ 28, ಏಳು ಜನಕ್ಕಾದ್ರೂ ತಲಾ 20 ಗುಂಟೆ ಸಲೀಸಾಗಿ ಬರುತ್ತೆ. ಮೂವರು ಬಂದ ಕೂಡಲೇ ಸಿಕ್ಕಿಹಾಕಿಕೊಳ್ಳುತ್ತೆ, ಯಾಕಂದ್ರೆ 140ರ ಅಪವರ್ತನಗಳಲ್ಲಿ 3 ಇಲ್ಲ. ಸರಿ, ಆಣೆಗೆ ಇಳಿದ್ರೆ? 16 ಅಂದ್ರೆ ಎರಡನ್ನ ನಾಲ್ಕು ಸಲ ಗುಣಿಸಿದ್ದು. ಅದರಲ್ಲೂ 3 ಇಲ್ಲ. ಎಕರೆಯ 40ರಲ್ಲಿ 2 × 2 × 2 × 5. ಅಲ್ಲೂ ಇಲ್ಲ. ಅಂದ್ರೆ ಎಕರೆ, ಗುಂಟೆ, ಆಣೆ ಅನ್ನೋ ಈ ಏಣಿಯಲ್ಲಿ ಯಾವ ಮೆಟ್ಟಿಲಲ್ಲೂ ಮೂರಕ್ಕೆ ಜಾಗವೇ ಇಲ್ಲ. ಮೇಲೆ ಮೂರರಿಂದ ಭಾಗವಾಗದ ಹೊಲ ಕೆಳಗೆ ಇಳಿದರೂ ಭಾಗವಾಗೋದಿಲ್ಲ. ಅರ್ಧ, ಕಾಲು, ಅರೆಕಾಲು ಮಾಡೋಕೆ ಹುಟ್ಟಿದ ಏಕಮಾನ ಇದು. ರೂಪಾಯಿಗೂ 1957ರವರೆಗೆ ಇದೇ ಹದಿನಾರಾಣೆ ಇತ್ತು. ಆಗಲೂ ಒಂದು ರೂಪಾಯಿಯನ್ನ ಮೂರು ಮಕ್ಕಳಿಗೆ ಹಂಚಿದ್ರೆ ಆಣೆ ಲೆಕ್ಕದಲ್ಲಿ ತಲಾ ಐದು ಬಂದು ಒಂದಾಣೆ ಉಳೀತಿತ್ತು. ಆದರೆ ರೂಪಾಯಿಯ ಆಣೆ ಇನ್ನೂ 12 ಪೈಗೆ ಒಡೀತಿತ್ತು, 12ರಲ್ಲಿ 3 ಇದೆ, ಹಾಗಾಗಿ ಪೈ ಲೆಕ್ಕಕ್ಕೆ ಇಳಿದ್ರೆ ಜಗಳ ಬಗೆಹರೀತಿತ್ತು. ನೆಲದ ಆಣೆಗೆ ಆ ಅನುಕೂಲವೂ ಇಲ್ಲ.

ಈಗ ಇನ್ನೊಂದು ಕಡೆಯಿಂದ ಬರೋಣ. ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 33 × 33 = 1089 ಚದರ ಅಡಿ. ಸಿವಿಲ್‌ನವರು ಇದನ್ನ ನಿದ್ದೆಯಲ್ಲೂ ಹೇಳ್ತಾರೆ. ಆದರೆ 33 = 3 × 11 ಅಲ್ವಾ! ಗುಂಟೆಯ ಹೊಟ್ಟೆಯಲ್ಲಿ ಒಂದಲ್ಲ, ಎರಡು ಮೂರು ಕೂತಿವೆ. 1089 = 3 × 3 × 11 × 11. ಹೀಗಾಗಿ ಎಷ್ಟೇ ಗುಂಟೆಯ ಹೊಲ ಇರಲಿ, ಗುಂಟೆ ಪೂರ್ಣ ಸಂಖ್ಯೆಯಲ್ಲಿದ್ರೆ ಸಾಕು, ಚದರ ಅಡಿಯಲ್ಲಿ ಬರೆದ ಕೂಡಲೇ ಮೂರರಿಂದ ಭಾಗವಾಗಲೇಬೇಕು. ಒಂಬತ್ತರಿಂದಲೂ ಆಗುತ್ತೆ. ನಮ್ಮ ಹೊಲ 140 × 1089 = 1,52,460 ಚದರ ಅಡಿ. ಮೂರರಿಂದ ಭಾಗಿಸಿದ್ರೆ 50,820. ಚಿಲ್ಲರೆ ಇಲ್ಲ, ಉಳಿಕೆ ಇಲ್ಲ.

ಅದೇ ಹೊಲ, ಅದೇ ಮೂವರು. ಆಣೆಯಲ್ಲಿ ಬರೆದ್ರೆ ಹಾಸ್ಟೆಲ್ ರೂಮಿನಷ್ಟು ಜಾಗ ಅನಾಥ, ಅಡಿಯಲ್ಲಿ ಬರೆದ್ರೆ ಏನೂ ಉಳಿಯಲ್ಲ. "ಲೆಕ್ಕ ಸರಿ ಹೋಗಂಗಿಲ್ಲ" ಅನ್ನೋದು ನೆಲದ ಬಗ್ಗೆ ಆಡಿದ ಮಾತಲ್ಲ, ಅಳತೆಗೋಲಿನ ಬಗ್ಗೆ ಆಡಿದ ಮಾತು.

ಇದು ಬರೀ ಅಂಕಿಯಾಟ ಅಲ್ಲ ಅನ್ನೋದಕ್ಕೆ ಒಂದು ಕಾರಣ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಅದಕ್ಕೂ ಮುಂಚೆ ಇಂಥ ಮನೆಯಲ್ಲಿ ಹೊಲ ಇಬ್ಬರು ಗಂಡುಮಕ್ಕಳಿಗೆ 70 ಗುಂಟೆ, 70 ಗುಂಟೆ ಅಂತ ಹೋಗಿಬಿಡುತ್ತಿತ್ತು. ಈಗ ಮೂರನೆಯವಳಾಗಿ ತಂಗಿ ಬಂದಳು, ಆಣೆ ಲೆಕ್ಕ ಸಿಕ್ಕು ಬಿತ್ತು. "ನಿಂಗೆ ಬಂಗಾರ ಹಾಕೇವಲ್ಲ, ಹೊಲದ ಲೆಕ್ಕ ಸರಿ ಕೂಡಂಗಿಲ್ಲ, ಸಹಿ ಮಾಡಿಕೊಡು" ಅನ್ನೋಕೆ ಅಷ್ಟು ನೆಪ ಸಾಕಾಗುತ್ತೆ. ನಮ್ಮಲ್ಲಿ ಎಷ್ಟು ಜನರ ಅಕ್ಕಂದಿರು, ಚಿಕ್ಕಮ್ಮಂದಿರು ಹಾಗೆ ಸಹಿ ಮಾಡಿದ್ದಾರೆ ಅಂತ ಮನೆಗೆ ಹೋದಾಗ ಕೇಳಿ ನೋಡಿ. ಕೊಡೋ ಮನಸ್ಸಿಲ್ಲ ಅನ್ನೋದು ಬೇರೆ ವಿಷಯ, ಅದಕ್ಕೆ ಗಣಿತದಲ್ಲಿ ಔಷಧ ಇಲ್ಲ. ಆದರೆ ಗಣಿತದ ಹೆಸರು ಹೇಳಿ ತಪ್ಪಿಸಿಕೊಳ್ಳೋಕೆ ನಾವಂತೂ ಬಿಡಬಾರದು.

ಇನ್ನು ನೆಲಕ್ಕೆ ಇಳಿಯೋಣ. ಹೊಲ ಆಯತಾಕಾರ ಅಂತಿಟ್ಟುಕೊಂಡ್ರೆ 140 ಗುಂಟೆಗೆ ಹತ್ತು ಸರಪಳಿ ಅಗಲ, ಹದಿನಾಲ್ಕು ಸರಪಳಿ ಉದ್ದ. ಇಲ್ಲಿ ಸರಪಳಿ ಅಂದ್ರೆ 33 ಅಡಿಯದ್ದು, ಹದಿನಾರು ಆಣೆ ಗುರುತು ಇರೋದು. ಲ್ಯಾಬಿನಲ್ಲಿ ನಾವು ಎಳೆದಾಡುವ 66 ಅಡಿಯ ಗಂಟರ್ ಸರಪಳಿಯ ಅರ್ಧ. ಅಡಿಯಲ್ಲಿ 330 ಅಗಲ, 462 ಉದ್ದ. ಅಗಲವನ್ನ ಮೂರು ಮಾಡಿದ್ರೆ 110 ಅಡಿ. ಟೇಪ್ ಹಿಡಿದು 110ಕ್ಕೊಂದು, 220ಕ್ಕೊಂದು ಕಲ್ಲು ನೆಟ್ಟರೆ ಆಯ್ತು. ಅದೇ ಸರಪಳಿಯಲ್ಲಿ ಅಳೆದ್ರೆ 3 ಸರಪಳಿ, 5 ಆಣೆ, ಮೇಲೆ ಮೂರನೇ ಒಂದು ಆಣೆ. ಆ ಮೂರನೇ ಒಂದಕ್ಕೆ ಸರಪಳಿಯಲ್ಲಿ ಗುರುತೇ ಇಲ್ಲ, ಹಾಗಾಗಿ ಅಳೆಯುವವನ ಕೈ ಆಚೆಗೋ ಈಚೆಗೋ ಜಾರುತ್ತೆ.

ಮೀಟರಿನಲ್ಲಿ ಅಳೆದ್ರೂ ಹುಷಾರಾಗಿರಬೇಕು. 110 ಅಡಿ ಅಂದ್ರೆ 33.528 ಮೀಟರ್. "33.5 ಹಾಕ್ಕೋ" ಅಂದುಬಿಟ್ರೆ 28 ಮಿಲಿಮೀಟರ್ ಹೋಯ್ತು, ಏನು ಮಹಾ ಅನ್ಸುತ್ತೆ. ಆದರೆ ಅದು 462 ಅಡಿ ಉದ್ದಕ್ಕೂ ಹೋಗುತ್ತೆ. ಒಟ್ಟು 42 ಚದರ ಅಡಿ, ಅರ್ಧ ಆಣೆಗಿಂತ ಜಾಸ್ತಿ. ಮಧ್ಯದ ಹಂತದಲ್ಲಿ ದುಂಡು ಮಾಡಬೇಡಿ ಅಂತ ಪ್ರತಿ ಲ್ಯಾಬಿನಲ್ಲೂ ಹೇಳಿಸಿಕೊಂಡಿದ್ದೇವೆ, ಹೊಲದಲ್ಲೂ ಅದೇ ನಿಯಮ. ಮೊದಲು ಕಲ್ಲು ಸರಿಯಾದ ಜಾಗಕ್ಕೆ ಬೀಳಲಿ. ಆಮೇಲೆ ಕಾಗದದ ಮೇಲೆ ಆಣೆವರೆಗೆ ಬರೀಬೇಕಾದ್ರೆ 1 ಎಕರೆ 6 ಗುಂಟೆ 11 ಆಣೆ ಇಬ್ಬರಿಗೆ, 10 ಆಣೆ ಒಬ್ಬರಿಗೆ ಅಂತ ಬರೆದುಕೊಳ್ಳಿ, ಮೊತ್ತ ಕೂಡುತ್ತೆ. ಕಾಗದದಲ್ಲಿ ಒಂದಾಣೆ ಹೆಚ್ಚುಕಮ್ಮಿ ಇದ್ರೂ ನೆಲದಲ್ಲಿ ಮೂವರಿಗೂ 110 ಅಡಿಯೇ. ಕಾಗದ ನೋಡಿಕೊಂಡು ಕಲ್ಲು ನೆಡೋಕೆ ಹೋದಾಗಲೇ ತಕರಾರು ಶುರುವಾಗೋದು.

ಬೇಲಿಗೆ ಕಲ್ಲುಕಂಬ ಎಷ್ಟು ಬೇಕು? ನಾಲ್ಕೂ ಮೂಲೆಗೆ, ಪಾಲಿನ ಗಡಿ ಬರೋ ಕಡೆಗೆಲ್ಲ ಕಂಬ ಬೀಳಬೇಕು, ನಡುವಿನ ಅಂತರ ಎಲ್ಲಾ ಕಡೆ ಒಂದೇ ಇರಬೇಕು. ಇದು ಮ.ಸಾ.ಅ. ಪ್ರಶ್ನೆ. 462ರಲ್ಲಿ 110 ನಾಲ್ಕು ಸಲ ಹೋಗಿ 22 ಉಳಿಯುತ್ತೆ. 110ರಲ್ಲಿ 22 ಐದು ಸಲ ಪೂರ್ತಿ ಹೋಗುತ್ತೆ. ಹಾಗಾದ್ರೆ 22 ಅಡಿ ಅಂತರ. ಅದು ತಂತಿ ಬೇಲಿಗೆ ಜಾಸ್ತಿ ಆಯ್ತು, ತಂತಿ ಜೋತುಬೀಳುತ್ತೆ. 22ರ ಅಪವರ್ತನ 11 ತಗೊಳ್ಳಿ. ಸುತ್ತಳತೆ 1584 ಅಡಿಗೆ 144 ಕಂಬ, ಒಳಗಿನ ಎರಡು ಗಡಿಗೆ ತಲಾ 41, ಒಟ್ಟು 226. "ಹತ್ತಡಿಗೊಂದು ಹಾಕ್ರಿ" ಅಂತ ಕಂಬ ಮಾರುವವರು ಹೇಳ್ತಾರೆ. 330ಕ್ಕೆ ಹತ್ತು ಸರಿ ಹೋಗುತ್ತೆ, 462ಕ್ಕೆ ಹೋಗಲ್ಲ, ಕೊನೆಗೆ ಎರಡಡಿಯ ಗಿಡ್ಡ ಸಂದು ಉಳಿದು ಅಲ್ಲೊಂದು ಕಂಬ ದಂಡ.

ಪಾಲಿನಲ್ಲಿ ಮತ್ತೆ ಪಾಲು ಬಂದಾಗ ಲ.ಸಾ.ಅ. ಬೇಕಾಗುತ್ತೆ. ಕಾಲ ಕಳೀತು, ಅಣ್ಣನ ಪಾಲಿಗೆ ನಾಲ್ವರು ಸಮ ಹಕ್ಕುದಾರರು, ತಮ್ಮನ ಪಾಲಿಗೆ ಆರು ಜನ ಅಂತಿಟ್ಕೊಳ್ಳಿ. ತಂಗಿಯದು ಹಾಗೇ ಇದೆ. ಈಗ ಪಾಲುಗಳು ಹನ್ನೆರಡನೇ ಒಂದು, ಹದಿನೆಂಟನೇ ಒಂದು, ಮೂರನೇ ಒಂದು. ಎಲ್ಲರ ಪಾಲನ್ನೂ ಒಂದೇ ಅಳತೆಯ ತುಂಡಿನಲ್ಲಿ ಹೇಳಬೇಕು. ಛೇದಗಳನ್ನ ಕಣ್ಣು ಮುಚ್ಚಿ ಗುಣಿಸಿದ್ರೆ 12 × 18 × 3 = 648 ತುಂಡು. ಅಷ್ಟು ಬೇಕಿಲ್ಲ. ಲ.ಸಾ.ಅ. 36 ಸಾಕು.

ಈ ಉಪಾಯ ನಮ್ಮ ನಾಡಿನಲ್ಲೇ ಬಹಳ ಹಳೆಯದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿ ಕೂಡುವಾಗ ಛೇದಗಳ ಚಿಕ್ಕ ಸಾಮಾನ್ಯ ಅಪವರ್ತ್ಯ ಹಿಡಿಯುವ ಕ್ರಮ ಇದೆ. ಅದಕ್ಕೆ ಅವನು ಇಟ್ಟ ಹೆಸರು 'ನಿರುದ್ಧ'. ಲ.ಸಾ.ಅ. ಅನ್ನೋ ಮೂರಕ್ಷರದ ತೊದಲಿಗಿಂತ ಇದೇ ಚೆನ್ನಾಗಿದೆ ಅಂತ ನಮ್ಮ ಅಭಿಪ್ರಾಯ. ಅವನು ಬರೆದದ್ದು ಸಂಸ್ಕೃತದಲ್ಲಿ. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಬಂದದ್ದು ಹನ್ನೆರಡನೇ ಶತಮಾನದಲ್ಲಿ. ಅವನ ಕೃತಿಗಳಲ್ಲಿ ಒಂದರ ಹೆಸರು 'ಚಿತ್ರಹಸುಗೆ'. ಹಸುಗೆ ಅಂದ್ರೆ ಪಾಲು, ಹಂಚಿಕೆ.

ಹಂಚಿಕೆಗೆ ವಾಪಸ್ ಬರೋಣ. 1,52,460ನ್ನ 36ರಿಂದ ಭಾಗಿಸಿದ್ರೆ 4,235 ಚದರ ಅಡಿ, ಮತ್ತೆ ಪೂರ್ಣ ಸಂಖ್ಯೆ! ಯಾಕೆ ಅಂತ ನೀವೇ ಹೇಳ್ತೀರಿ: 36 = 2 × 2 × 3 × 3, ಎರಡು ಎರಡುಗಳು 140ರಿಂದ ಬಂದ್ವು, ಎರಡು ಮೂರುಗಳು 1089ರಿಂದ. ತಂಗಿಗೆ 12 ತುಂಡು, ಅಣ್ಣನ ಕಡೆಯವರಿಗೆ ತಲಾ 3, ತಮ್ಮನ ಕಡೆಯವರಿಗೆ ತಲಾ 2. ಆಣೆಯಲ್ಲಿ ಬರೆದ್ರೆ ಒಂದು ತುಂಡು 3 ಗುಂಟೆ 14 ಆಣೆ, ಮೇಲೆ ಒಂಬತ್ತನೇ ಎರಡಾಣೆ. ಯಾರಿಗೆ ಬೇಕು ಆ ಸಹವಾಸ.

ಒಂದು ಎಚ್ಚರಿಕೆ. ವಿಸ್ತೀರ್ಣ ಸರಿ ಬಂದ್ರೆ ಹಂಚಿಕೆ ಮುಗೀತು ಅನ್ಕೋಬೇಡಿ. ಅಣ್ಣನ 110 ಅಡಿ × 462 ಅಡಿ ಪಾಲನ್ನ ನಾಲ್ಕು ಮಾಡೋಕೆ ಎರಡು ದಾರಿ. ಉದ್ದಕ್ಕೆ ಸೀಳಿದ್ರೆ ಒಂದೊಂದು ಪಟ್ಟಿ ಇಪ್ಪತ್ತೇಳೂವರೆ ಅಡಿ ಅಗಲ, ನಡುವೆ 1386 ಅಡಿ ಬದು. ಅಡ್ಡ ಕತ್ತರಿಸಿದ್ರೆ 110 × 115.5, ಹೆಚ್ಚುಕಮ್ಮಿ ಚೌಕ, ಬದು ಬರೀ 330 ಅಡಿ. ಬದುವಿಗೆ ಹೋಗೋ ನೆಲ ಎಲ್ಲಾ ಉಳೀತು, ಟ್ರ್ಯಾಕ್ಟರ್ ತಿರುಗಿಸೋಕೂ ಸಲೀಸು. ಕಾಗದದ ಮೇಲೆ ಎರಡನೇದೇ ಗೆದ್ದಿತು. ಆದ್ರೂ ನಮ್ಮ ಕಡೆ ಉದ್ದ ಪಟ್ಟಿಗಳೇ ಯಾಕೆ ಜಾಸ್ತಿ ಕಾಣ್ತವೆ? ದಾರಿ ಇರೋದು ಒಂದು ತುದಿಗೆ ಮಾತ್ರ. ಅಡ್ಡ ಕತ್ತರಿಸಿದ್ರೆ ಹಿಂದಿನ ಮೂವರು ಮುಂದಿನವನ ಬೆಳೆ ತುಳಿದುಕೊಂಡೇ ಹೋಗಬೇಕು. ಬದು ಉಳಿಸಿ ದಾರಿ ಜಗಳ ತಂದುಕೊಂಡಂಗೆ ಆಗುತ್ತೆ. ಅಪವರ್ತನ ಜೋಡಿಗಳನ್ನ ಗಣಿತ ತೋರಿಸುತ್ತೆ, ಯಾವುದನ್ನ ಆರಿಸಬೇಕು ಅನ್ನೋದನ್ನ ಹೊಲವೇ ಹೇಳಬೇಕು.

ಬಿತ್ತನೆಯಲ್ಲೂ ನಿರುದ್ಧ ಇದೆ, ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀವಿ. ನಾಲ್ಕು ತಾಳಿನ ಕೂರಿಗೆ, ಪ್ರತಿ ಆರನೇ ಸಾಲು ತೊಗರಿಯ ಅಕ್ಕಡಿ. 4 ಮತ್ತು 6ರ ಲ.ಸಾ.ಅ. 12, ಅಂದ್ರೆ ಮೂರು ಸುತ್ತಿಗೆ ಒಮ್ಮೆ ಕ್ರಮ ಮರಳಿ ಬರುತ್ತೆ. ಮೊದಲ ಸುತ್ತಿನಲ್ಲಿ ತೊಗರಿ ಇಲ್ಲ, ಎರಡನೇದರಲ್ಲಿ ಎರಡನೇ ತಾಳು, ಮೂರನೇದರಲ್ಲಿ ನಾಲ್ಕನೇ ತಾಳು (ಮೊದಲು ಬಿತ್ತಿದ ಕಡೆಯಿಂದ ಎಣಿಸಬೇಕು, ಎತ್ತು ತಿರುಗಿದಾಗ ಎಡಬಲ ಅದಲುಬದಲು). ಅದೇ ಪ್ರತಿ ಎಂಟನೇ ಸಾಲು ಅಂದ್ರೆ ಸುತ್ತು ಬಿಟ್ಟು ಸುತ್ತಿಗೆ, ಯಾವಾಗಲೂ ಕೊನೇ ತಾಳೇ. ಬಿತ್ತುವವರಿಗೆ ಯಾವುದು ಹಗುರ ಅಂತ ಹೇಳಬೇಕಿಲ್ಲ.

ಇಷ್ಟೆಲ್ಲ ಇಟಗಿಯ ಹೆಸರಿನಲ್ಲೇ ಯಾಕೆ ಹೇಳಿದ್ವಿ ಅಂದ್ರೆ, ಮೂರಕ್ಕೆ ಜಾಗ ಇರೋ ಅಳತೆಗೋಲು ಹಿಡಿದು ಕೆಲಸ ಮಾಡಿದವರು ಆ ಊರಿನಲ್ಲೇ ಗುಡಿ ಕಟ್ಟಿದ್ದಾರೆ. ಮಹಾದೇವ ದೇವಾಲಯ, 1112ರದ್ದು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನ 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ, ನೋಡಿ ಬಂದವರು ಯಾರೂ ಅದನ್ನ ಅತಿಶಯೋಕ್ತಿ ಅನ್ನೋದಿಲ್ಲ. ಶಿಲ್ಪಶಾಸ್ತ್ರದ ಅಳತೆಯಲ್ಲಿ ಒಂದು ಹಸ್ತ, ಅಂದ್ರೆ ನಮ್ಮ ಮೊಳ, 24 ಅಂಗುಲ. 24ನ್ನ ಒಡೆದ್ರೆ 2 × 2 × 2 × 3. ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು, ಎಂಟನೇ ಒಂದು ಎಲ್ಲವೂ ಪೂರ್ಣ ಅಂಗುಲದಲ್ಲಿ ಬರ್ತವೆ. ನವರಂಗ ಅಂದ್ರೇ ಮೂರು ಮೂರ್ಲಿ ಒಂಬತ್ತು ಅಂಕಣ (ಪತ್ರಿಕೆಯ ಅಂಕಣ ಅಲ್ಲ, ಕಂಬದಿಂದ ಕಂಬದ ನಡುವಿನ ಅಂಕಣ, ಹಳ್ಳಿಯಲ್ಲಿ ಈಗಲೂ ಮನೆ ಎಷ್ಟು ಅಂಕಣದ್ದು ಅಂತ ಕೇಳ್ತಾರೆ). ಹದಿನಾರರ ಗೋಲು ಹಿಡಿದು ನವರಂಗ ಗೀಚೋಕೆ ಕೂತಿದ್ರೆ ಆ ಕಲ್ಲುಕುಟಿಗರ ಗತಿ ನಮ್ಮ ಮೂವರು ಪಾಲುದಾರರ ಗತಿಯೇ ಆಗ್ತಿತ್ತು.

ಗುಡಿಗೆ ಹೋದಾಗ ಮಾಡಬಹುದಾದ ಒಂದು ಪ್ರಯೋಗ ಇದೆ. ಎರಡು ಅಳತೆ ತಗೊಳ್ಳಿ, ಕಂಬದ ನಡುವಿನ ಅಂತರ ಒಂದು, ಕಂಬದ ಬುಡದ ಅಗಲ ಒಂದು. ದೊಡ್ಡದರಿಂದ ಚಿಕ್ಕದನ್ನ ಕಳೆಯಿರಿ, ಉಳಿದದ್ದನ್ನ ಚಿಕ್ಕದರಿಂದ ಕಳೆಯಿರಿ, ಹೀಗೇ ಮುಂದುವರಿಸಿ. ಯೂಕ್ಲಿಡನ ಮ.ಸಾ.ಅ. ವಿಧಾನ. ಎರಡಕ್ಕೂ ಸಾಮಾನ್ಯವಾದ ಮೂಲ ಅಳತೆ ಇದ್ರೆ ಸಿಗಬೇಕು. ಆದರೆ ಟೇಪಿನಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆಗೇ ಆಗುತ್ತೆ. ಉದಾಹರಣೆಗೆ (ಇವು ಗುಡಿಯ ಅಳತೆ ಅಲ್ಲ, ನಾವು ಹಿಡಿದ ಸಂಖ್ಯೆ) 244 ಮತ್ತು 161 ಸೆಂಟಿಮೀಟರ್ ಬಂತು ಅನ್ನಿ. 244ರಲ್ಲಿ 161 ಕಳೆದ್ರೆ 83. 161ರಲ್ಲಿ 83 ಕಳೆದ್ರೆ 78. 83ರಲ್ಲಿ 78 ಕಳೆದ್ರೆ 5. ಕಂಪ್ಯೂಟರಿಗೆ ಕೊಟ್ರೆ ಅದು ಇಳೀತಾ ಇಳೀತಾ ಮ.ಸಾ.ಅ. 1 ಅಂತ ಹೇಳಿ ಕೈ ತೊಳ್ಕೊಳ್ಳುತ್ತೆ.

ಎಲ್ಲಿ ನಿಲ್ಲಬೇಕು ಅನ್ನೋದೇ ಇಲ್ಲಿನ ಎಂಜಿನಿಯರಿಂಗ್. ಮೂಲ ಅಳತೆ ಎರಡರಲ್ಲೂ ಒಂದೊಂದು ಸೆಂಟಿಮೀಟರ್ ದೋಷ ಇರಬಹುದು. 83 ಬಂದದ್ದು ಎರಡರ ವ್ಯತ್ಯಾಸದಿಂದ, ಅದರಲ್ಲಿ ಎರಡು ಸೆಂಟಿಮೀಟರ್ ದೋಷ ಸಾಧ್ಯ. 78ರಲ್ಲಿ ಮೂರು. 5 ಅಂದ್ರೆ ನಿಜಕ್ಕೂ 2 × 244 − 3 × 161, ಅದರಲ್ಲಿ ಐದು ಸೆಂಟಿಮೀಟರ್ ದೋಷ ಸಾಧ್ಯ. ಐದು ಬಂದಿದೆ, ದೋಷವೂ ಐದರಷ್ಟು ಇರಬಹುದು, ಹಾಗಾಗಿ ಅದು ಸೊನ್ನೆಯೇ ಆಗಿರಬಹುದು. ಅಲ್ಲೇ ನಿಲ್ಲಿಸಿ. ಹಾಗಾದ್ರೆ ಅಳತೆಗಳು 3ಕ್ಕೆ 2ರ ಅನುಪಾತದಲ್ಲಿವೆ, ಮೂಲ ಅಳತೆ (244 + 161) ÷ 5 = 81 ಸೆಂಟಿಮೀಟರ್ ಸುಮಾರು. 243 ಮತ್ತು 162 ಇರಬೇಕಾಗಿದ್ದು ಟೇಪಿನಲ್ಲಿ ಒಂದೊಂದು ಸರಿದಿದೆ.

ಆದರೆ ಎರಡೇ ಅಳತೆ ನಂಬಿ ಶಿಲ್ಪಿಯ ಮೊಳ ಸಿಕ್ಕಿಬಿಡ್ತು ಅಂತ ಪೋಸ್ಟ್ ಹಾಕಬೇಡಿ. ದೋಷಕ್ಕೆ ಸಾಕಷ್ಟು ಜಾಗ ಕೊಟ್ರೆ ಯಾವ ಎರಡು ಸಂಖ್ಯೆಗೂ ಒಂದು ಸಾಮಾನ್ಯ ಅಳತೆ ಹುಟ್ಟಿಸಬಹುದು. ಮೂರನೇ, ನಾಲ್ಕನೇ ಅಳತೆಗೂ ಅದೇ 81 ಹೊಂದಬೇಕು, ಆಗ ಮಾತು. ಗುಡಿ ಸಂರಕ್ಷಿತ ಸ್ಮಾರಕ, ಕಂಬಕ್ಕೆ ಚಾಕ್ ಗುರುತು ಹಾಕೋದು, ಏರೋದು ಬೇಡ. ಟೇಪ್ ನೆಲದ ಮೇಲೆ ಹಾಸಿ, ಒಂದೊಂದನ್ನೂ ಬೇರೆ ಬೇರೆ ಕೈಯಲ್ಲಿ ಎರಡು ಸಲ ಅಳೆದು, ಎರಡೂ ಸಂಖ್ಯೆ ಹಾಗೇ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅವನ್ನಿಟ್ಟುಕೊಂಡೇ ಕಳೆಯೋಣ.